ಬಿನ್ನಹದ ಹಕ್ಕು ಮತ್ತು ಬಾಯಿಬೀಗದ ನಿಯಮ: ಜಾನ್ ಕ್ವಿನ್ಸಿ ಆಡಮ್ಸ್‌ನ ಸಾರ್ವಜನಿಕ ಜೀವನದಲ್ಲಿ ಆದರ್ಶ ಮತ್ತು ಅಧಿಕಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಇತಿಹಾಸವನ್ನು ಕುರಿತ ಚರ್ಚೆಗಳಲ್ಲಿ 1776ರ ಸ್ವಾತಂತ್ರ್ಯ ಘೋಷಣೆಗೂ ಆ ನೆಲದ ಗುಲಾಮಗಿರಿಗೂ ನಡುವಣ ವೈರುಧ್ಯದ ಪ್ರಸ್ತಾಪ ಬಾರದಿರುವುದು ಅಪರೂಪ. ಮನುಷ್ಯರೆಲ್ಲ ಸಮಾನರೆಂದು ಸಾರಿದ ಘೋಷಣೆಯ ಕರ್ತೃ ಥಾಮಸ್ ಜೆಫರ್‌ಸನ್ ನೂರಾರು ಗುಲಾಮರ ಒಡೆಯನಾಗಿದ್ದನೆಂಬ ಸಂಗತಿಯೇ ಈ ಚರ್ಚೆಯ ಕೇಂದ್ರವಾಗಿರುವುದು ವಾಡಿಕೆ. ಆದರೆ ಒಡೆಯರ ಬಾಳಿನಲ್ಲಿ ಕಾಣುವ ವೈರುಧ್ಯಕ್ಕೆ ಲಾಭವೆಂಬ ಸರಳ ವಿವರಣೆ ದೊರೆತುಬಿಡುತ್ತದೆ. ಗುಲಾಮರನ್ನು ಕೊಂಡವನಲ್ಲದ, ಗುಲಾಮಗಿರಿಯನ್ನು ಮನಸಾರೆ ಹೇಸುತ್ತಿದ್ದ ಉತ್ತರದ ರಾಜಕಾರಣಿಯೊಬ್ಬನು ದಶಕಗಳ ಕಾಲ ಆ ಕುರಿತು ಸಾರ್ವಜನಿಕವಾಗಿ ಬಾಯಿಬಿಡದೆ ಇದ್ದುದು ಹೇಗೆ ಎಂಬ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ದೇಶದ ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ನ ಜೀವನವು ಈ ಪ್ರಶ್ನೆಯ ಪರಿಶೀಲನೆಗೆ ವಿಶೇಷವಾಗಿ ಒದಗುತ್ತದೆ. ಏಕೆಂದರೆ ಆತನು ಸಭೆಯಲ್ಲಿ ಆಡಿದ ಮಾತು ಮಾತ್ರವಲ್ಲದೆ ಆಡದೆ ಉಳಿಸಿಕೊಂಡ ಮಾತಿನ ದಾಖಲೆಯೂ ಅವನದೇ ಕೈಬರಹದಲ್ಲಿ ಉಳಿದುಬಂದಿದೆ.

ಆಡಮ್ಸ್ ಹುಟ್ಟಿದುದು 1767ರ ಜುಲೈ 11ರಂದು, ಮ್ಯಾಸಚೂಸೆಟ್ಸಿನಲ್ಲಿ. ತಂದೆ ಜಾನ್ ಆಡಮ್ಸ್ ದೇಶದ ಎರಡನೆಯ ಅಧ್ಯಕ್ಷ. ಹನ್ನೆರಡನೆಯ ವಯಸ್ಸಿನಲ್ಲಿ, ತಂದೆಯೊಡನೆ ಯೂರೋಪಿಗೆ ಹೋಗುವ ಕಾಲದಲ್ಲಿ, ಬಾಲಕನು ಆರಂಭಿಸಿದ ದಿನಚರಿ ಸಾಯುವ ವರ್ಷದವರೆಗೂ ಮುಂದುವರಿಯಿತು. ಅದರ ಸಂಪುಟಗಳು 51. ಹಾಲೆಂಡ್, ಪ್ರಷ್ಯ, ರಷ್ಯ, ಇಂಗ್ಲೆಂಡುಗಳಲ್ಲಿ ರಾಯಭಾರಿಯಾಗಿ, ನಡುವೆ ಸೆನೆಟ್ ಸದಸ್ಯನಾಗಿ, 1817ರಿಂದ 1825ರವರೆಗೆ ಜೇಮ್ಸ್ ಮನ್ರೋನ ವಿದೇಶಾಂಗ ಸಚಿವನಾಗಿ ಆತ ದುಡಿದನು. ಫ್ಲಾರಿಡವನ್ನು ಸ್ಪೇನಿನಿಂದ ಪಡೆದ 1819ರ ಒಪ್ಪಂದ ಮತ್ತು 1823ರ ಮನ್ರೋ ಸಿದ್ಧಾಂತ ಇವೆರಡರ ಹಿಂದೆಯೂ ಆತನ ಬುದ್ಧಿಯಿತ್ತು. ವಿದೇಶಾಂಗ ಸಚಿವ ಪದವಿಯು ಆ ಕಾಲದಲ್ಲಿ ಅಧ್ಯಕ್ಷ ಪದವಿಗೆ ಏಣಿಯ ಕೊನೆಯ ಮೆಟ್ಟಿಲಾಗಿತ್ತು. ಮನೆತನದ ನಿರೀಕ್ಷೆಯೂ ಸ್ವಂತ ಆಸೆಯೂ ಕೂಡಿ ಆ ಮೆಟ್ಟಿಲಿನಿಂದ ಮುಂದಕ್ಕೆ ನೋಡುವಂತೆ ಆತನನ್ನು ಒತ್ತಾಯಿಸಿದುವು.

ಆ ಏಣಿಯು ಯಾವ ಮರದಿಂದ ಮಾಡಿದುದೆಂಬುದನ್ನು ಇಲ್ಲಿ ಗಮನಿಸಬೇಕು. 1787ರಲ್ಲಿ ರಚಿತವಾದ ಸಂವಿಧಾನದಲ್ಲಿ 'ಗುಲಾಮ' ಎಂಬ ಪದವನ್ನು ಬಳಸಿಯೇ ಇರಲಿಲ್ಲ. ಆದರೆ ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಪ್ರತಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಏರ್ಪಾಡು ಅದರಲ್ಲಿತ್ತು. ಮತ ಹಾಕಲಾರದವರ ತಲೆಯೆಣಿಕೆಯಿಂದ ಅವರ ಒಡೆಯರ ಮತಕ್ಕೆ ತೂಕ ಹೆಚ್ಚುತ್ತಿತ್ತು. ಅಧ್ಯಕ್ಷನನ್ನು ಆರಿಸುವ ಮತದಾರ ಮಂಡಲವೂ ಇದೇ ಲೆಕ್ಕವನ್ನು ಅನುಸರಿಸುತ್ತಿತ್ತು. 1800ರ ಚುನಾವಣೆಯಲ್ಲಿ ಜೆಫರ್‌ಸನ್ 73 ಮತಗಳನ್ನೂ ಜಾನ್ ಆಡಮ್ಸ್ 65 ಮತಗಳನ್ನೂ ಪಡೆದರು. ಈ ಲೆಕ್ಕವಿಲ್ಲದಿದ್ದರೆ ಫಲಿತಾಂಶ ತಿರುವುಮುರುವಾಗುತ್ತಿತ್ತೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. 1789ರಿಂದ 1825ರವರೆಗಿನ 36 ವರ್ಷಗಳ ಪೈಕಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯದ ಗುಲಾಮ ಒಡೆಯರು. ಉಳಿದ ನಾಲ್ಕು ವರ್ಷ ಜಾನ್ ಆಡಮ್ಸ್‌ನದು. ತಂದೆಯ ಸೋಲಿನ ಈ ಗಣಿತವನ್ನು ಮಗ ಚೆನ್ನಾಗಿ ಬಲ್ಲವನಾಗಿದ್ದನು. ದಕ್ಷಿಣದ ಒಪ್ಪಿಗೆಯಿಲ್ಲದೆ ಆ ಪದವಿಯನ್ನು ಏರುವುದು ಉತ್ತರದವನಿಗೆ ಬಹುಮಟ್ಟಿಗೆ ಅಸಾಧ್ಯವಾಗಿತ್ತು.

ಇಂಥ ಸಂದರ್ಭದಲ್ಲಿ ಮಿಸ್ಸೂರಿಯ ಪ್ರಶ್ನೆ ಉದ್ಭವಿಸಿತು. ಮಿಸ್ಸೂರಿಯನ್ನು ಗುಲಾಮ ರಾಜ್ಯವಾಗಿ ಒಕ್ಕೂಟಕ್ಕೆ ಸೇರಿಸಿಕೊಳ್ಳಬೇಕೆ ಎಂಬ ವಿವಾದ 1819ರಲ್ಲಿ ತಲೆದೋರಿ ಒಂದು ವರ್ಷ ಕಾಲ ಕಾಂಗ್ರೆಸ್ಸನ್ನು ಕಲಕಿತು. ಮಿಸ್ಸೂರಿ ಗುಲಾಮ ರಾಜ್ಯವಾಗಿ, ಮೇಯ್ನ್ ಮುಕ್ತ ರಾಜ್ಯವಾಗಿ, ಪಶ್ಚಿಮದ ಉಳಿದ ಭೂಭಾಗದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿಯಿಲ್ಲದೆ ಎಂಬ ರಾಜಿ 1820ರ ಮಾರ್ಚಿನಲ್ಲಿ ಏರ್ಪಟ್ಟಿತು. ಮಾರ್ಚ್ 3ರಂದು ಮನ್ರೋ ತನ್ನ ಸಚಿವರ ಅಭಿಪ್ರಾಯ ಕೇಳಿದನು. ಸಭೆ ಮುಗಿದ ಮೇಲೆ ಆಡಮ್ಸ್ ಮತ್ತು ಯುದ್ಧಸಚಿವ ಜಾನ್ ಕ್ಯಾಲ್‌ಹೂನ್ ಒಟ್ಟಿಗೆ ಮಾತನಾಡುತ್ತ ಹೊರಟರು. ಮೈಮುರಿದು ದುಡಿಯುವ ಕೆಲಸ ಗುಲಾಮರ ಪಾಲಿನದಾಗಿರುವುದರಿಂದಲೇ ಬಿಳಿಯರಲ್ಲಿ ಸಮಾನತೆ ನೆಲೆಸಿದೆಯೆಂಬುದು ದಕ್ಷಿಣ ಕೆರೊಲಿನದ ಕ್ಯಾಲ್‌ಹೂನನ ವಾದ. ಆಡಮ್ಸ್ ಆ ರಾತ್ರಿ ದಿನಚರಿಯಲ್ಲಿ ಬಹಳ ಹೊತ್ತು ಬರೆದನು. ಗುಲಾಮಗಿರಿಯು ಒಡೆಯರ ನೀತಿಪ್ರಜ್ಞೆಯ ಬೇರನ್ನೇ ಕೆಡಿಸುತ್ತದೆಂದೂ, ಸಂವಿಧಾನವು ಸ್ವಾತಂತ್ರ್ಯದೊಡನೆ ಗುಲಾಮಗಿರಿಯನ್ನು ಕಟ್ಟಿಹಾಕಿದ ಚೌಕಾಸಿಯೇ ದುಷ್ಟವಾದುದೆಂದೂ, ಈ ರಾಜಿಗೆ ಒಪ್ಪದೆ ಹಟ ಹಿಡಿದು ಗುಲಾಮಗಿರಿಯ ಸೋಂಕಿಲ್ಲದ ಹೊಸ ಒಕ್ಕೂಟವೊಂದನ್ನು ಕಟ್ಟುವುದೇ ಹೆಚ್ಚು ಧೈರ್ಯದ ಹಾದಿಯಾಗುತ್ತಿತ್ತೇನೋ ಎಂದೂ ಆತ ಯೋಚಿಸಿದನು. ಆದರೆ ಸಚಿವನಾಗಿ ರಾಜಿಯನ್ನು ಬೆಂಬಲಿಸಿದನು.

ದಿನಚರಿಯ ಈ ಪುಟಗಳನ್ನು ಎತ್ತಿ ತೋರಿಸಿ ಆಡಮ್ಸ್‌ನನ್ನು ದೇಶದ ಅಂತಸ್ಸಾಕ್ಷಿಯೆಂದು ಕೊಂಡಾಡುವ ಬರಹಗಳಿಗೆ ಕೊರತೆಯಿಲ್ಲ. ಈ ಕೊಂಡಾಟದಲ್ಲಿ ಒಂದು ಕಾಲದೋಷ ಅಡಗಿದೆ. ಮಗ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ಈ ದಿನಚರಿಯ ಆಯ್ದ ಭಾಗಗಳನ್ನು 12 ಸಂಪುಟಗಳಲ್ಲಿ ಅಚ್ಚಿಗೆ ತಂದುದು 1874ರಿಂದ 1877ರ ಅವಧಿಯಲ್ಲಿ. ಗುಲಾಮಗಿರಿ ಸಂವಿಧಾನದ ತಿದ್ದುಪಡಿಯಿಂದ 1865ರಲ್ಲಿಯೇ ರದ್ದಾಗಿತ್ತು. 1820ರ ಪ್ರಜೆಗಳ ಮುಂದೆ ಇದ್ದುದು ದಿನಚರಿಯ ಆಡಮ್ಸ್ ಅಲ್ಲ, ರಾಜ್ಯಪತ್ರಗಳ ಆಡಮ್ಸ್. ಆ ಎರಡನೆಯವನ ನಡೆವಳಿಕೆ ಬೇರೆಯೇ ಕಥೆ ಹೇಳುತ್ತದೆ. 1812ರ ಯುದ್ಧಕಾಲದಲ್ಲಿ ಸಾವಿರಾರು ಗುಲಾಮರು ಬ್ರಿಟಿಷ್ ಪಡೆಗಳ ಆಶ್ರಯಕ್ಕೆ ಓಡಿಹೋಗಿ ಬಿಡುಗಡೆ ಪಡೆದಿದ್ದರು. 1814ರ ಡಿಸೆಂಬರಿನಲ್ಲಿ ಘೆಂಟ್ ನಗರದಲ್ಲಿ ಆದ ಶಾಂತಿ ಒಪ್ಪಂದದ ಸಂಧಾನಕಾರರಲ್ಲಿ ಆಡಮ್ಸ್ ಪ್ರಮುಖನು. ಗುಲಾಮರನ್ನೂ ಇತರ ಖಾಸಗಿ ಆಸ್ತಿಯನ್ನೂ ಕೊಂಡೊಯ್ಯತಕ್ಕದ್ದಲ್ಲವೆಂಬ ಷರತ್ತು ಆ ಒಪ್ಪಂದದ ಮೊದಲನೆಯ ವಿಧಿಯಲ್ಲಿಯೇ ಇದೆ. ಬಿಡುಗಡೆಗೊಂಡವರನ್ನು ಮತ್ತೆ ಸಂಕೋಲೆಗೆ ಒಪ್ಪಿಸುವುದು ಅಗೌರವವೆಂದು ಬ್ರಿಟನ್ ನಿರಾಕರಿಸಿದಾಗ, ರಾಯಭಾರಿಯಾಗಿಯೂ ಅನಂತರ ಸಚಿವನಾಗಿಯೂ ಒಡೆಯರ ಪರವಾಗಿ ಪರಿಹಾರಕ್ಕಾಗಿ ವರ್ಷಗಟ್ಟಲೆ ಪಟ್ಟುಹಿಡಿದವನು ಇದೇ ಆಡಮ್ಸ್. ಕೊನೆಗೆ 1826ರಲ್ಲಿ, ಆತನೇ ಅಧ್ಯಕ್ಷನಾಗಿದ್ದಾಗ, ಬ್ರಿಟನ್ 12,04,960 ಡಾಲರುಗಳನ್ನು ತೆರಲು ಒಪ್ಪಿತು. ಮನುಷ್ಯರ ಬೆಲೆಯಾಗಿ ಬಂದ ಆ ಹಣವನ್ನು ವಸೂಲು ಮಾಡಿದವನಿಗೆ ತಾನು ಮಾಡುತ್ತಿರುವುದು ಏನೆಂದು ತಿಳಿಯದಿರಲಿಲ್ಲ. ಅದು ಪದವಿಯ ಕರ್ತವ್ಯವೆಂದು ಆತ ತನ್ನನ್ನು ಒಪ್ಪಿಸಿಕೊಂಡಿದ್ದನು.

ಪದವಿಯ ಫಲ ಕಹಿಯಾಗಿಯೇ ಪರಿಣಮಿಸಿತು. 1824ರ ಚುನಾವಣೆಯಲ್ಲಿ ಮತದಾರ ಮಂಡಲದ 99 ಮತಗಳು ಆಂಡ್ರ್ಯೂ ಜಾಕ್ಸನ್ನನಿಗೂ 84 ಆಡಮ್ಸ್‌ನಿಗೂ 41 ವಿಲಿಯಂ ಕ್ರಾಫರ್ಡನಿಗೂ 37 ಹೆನ್ರಿ ಕ್ಲೇಗೂ ಬಂದುವು. ಯಾರಿಗೂ ಬಹುಮತವಿಲ್ಲದ ಕಾರಣ ನಿರ್ಣಯ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ರಾಜ್ಯಕ್ಕೊಂದು ಮತ. 1825ರ ಫೆಬ್ರುವರಿ 9ರಂದು 24 ರಾಜ್ಯಗಳ ಪೈಕಿ 13ರ ಬೆಂಬಲ ಪಡೆದು ಆಡಮ್ಸ್ ಗೆದ್ದನು. ಸಭಾಧ್ಯಕ್ಷನಾಗಿದ್ದ ಕ್ಲೇಯ ಸಹಾಯ ಇದಕ್ಕೆ ಕಾರಣವಾಗಿತ್ತು. ಕೆಲವೇ ದಿನಗಳಲ್ಲಿ ಕ್ಲೇ ವಿದೇಶಾಂಗ ಸಚಿವನಾಗಿ ನೇಮಕಗೊಂಡನು. ಸ್ಪಷ್ಟವಾದ ಕೊಡುಕೊಳೆಯ ಕರಾರು ನಡೆದಿತ್ತೆಂಬುದಕ್ಕೆ ಪುರಾವೆಯಿಲ್ಲದಿದ್ದರೂ ಭ್ರಷ್ಟ ವ್ಯಾಪಾರವೆಂಬ ಕೂಗು ನಾಲ್ಕು ವರ್ಷವೂ ಅಡಗಲಿಲ್ಲ. ರಾಷ್ಟ್ರೀಯ ವಿಶ್ವವಿದ್ಯಾನಿಲಯ, ಖಗೋಳ ವೀಕ್ಷಣಾಲಯ, ರಸ್ತೆ ಮತ್ತು ಕಾಲುವೆಗಳು ಎಂದು 1825ರ ಡಿಸೆಂಬರಿನಲ್ಲಿ ಆತ ಕಾಂಗ್ರೆಸ್ಸಿನ ಮುಂದಿಟ್ಟ ಯೋಜನೆ ನಗೆಪಾಟಲಾಯಿತು. ಕೇಂದ್ರ ಸರ್ಕಾರ ಕಾಲುವೆ ತೋಡುವಷ್ಟು ಬಲಗೊಂಡರೆ ಗುಲಾಮರನ್ನು ಬಿಡಿಸುವಷ್ಟೂ ಬಲಗೊಂಡೀತೆಂಬ ಭಯ ದಕ್ಷಿಣದ ವಿರೋಧದ ಹಿಂದೆ ಇತ್ತು. ಕ್ರೀಕ್ ಬುಡಕಟ್ಟಿನವರಿಂದ ಮೋಸದಿಂದ ಬರೆಸಿಕೊಂಡ 1825ರ ಭೂ ಒಪ್ಪಂದವನ್ನು ಆತ ಮೊದಲು ಅಂಗೀಕರಿಸಿ, ವಂಚನೆ ತಿಳಿದ ಮೇಲೆ ಮರುವರ್ಷ ಬೇರೊಂದು ಒಪ್ಪಂದ ಮಾಡಿಸಿದನು. ಜಾರ್ಜಿಯ ರಾಜ್ಯ ಅದನ್ನು ಧಿಕ್ಕರಿಸಿದಾಗ ಹಿಂಜರಿದನು. ಕ್ರೀಕರು ಆ ರಾಜ್ಯದಲ್ಲಿದ್ದ ನೆಲವನ್ನೆಲ್ಲ ಕಳೆದುಕೊಂಡರು. 1828ರಲ್ಲಿ ಜಾಕ್ಸನ್ 178ಕ್ಕೆ 83 ಮತಗಳಿಂದ ಆತನನ್ನು ಸೋಲಿಸಿದನು. ತಂದೆಯಂತೆ ಮಗನೂ ಒಂದೇ ಅವಧಿಗೆ ನಿಂತನು.

ಅರವತ್ತು ದಾಟಿದ ಮಾಜಿ ಅಧ್ಯಕ್ಷನು ಅಲ್ಲಿಗೆ ತೋಟ ಮನೆಯ ಪಾಲಾಗುವುದು ಲೋಕರೂಢಿ. ಆಡಮ್ಸ್ 1830ರಲ್ಲಿ ಪ್ರತಿನಿಧಿ ಸಭೆಗೆ ಚುನಾಯಿತನಾದನು. ಅಧ್ಯಕ್ಷ ಪದವಿಯ ನಂತರ ಆ ಸಭೆಯಲ್ಲಿ ಕುಳಿತವನು ಇಂದಿಗೂ ಆತನೊಬ್ಬನೇ. 1831ರ ಡಿಸೆಂಬರ್ 12ರಂದು, ಸಭೆ ಸೇರಿದ ಮೊದಲ ದಿನಗಳಲ್ಲಿಯೇ, ಪೆನ್ಸಿಲ್ವೇನಿಯದ ಪ್ರಜೆಗಳಿಂದ ಬಂದ 15 ಬಿನ್ನಹಗಳನ್ನು ಆತ ಮಂಡಿಸಿದನು. ರಾಜಧಾನಿ ವಾಷಿಂಗ್ಟನ್ ಇರುವ ಕೊಲಂಬಿಯ ಜಿಲ್ಲೆ ಕಾಂಗ್ರೆಸ್ಸಿನ ನೇರ ಆಡಳಿತಕ್ಕೆ ಸೇರಿದುದು. ಅಲ್ಲಿ ಗುಲಾಮಗಿರಿಯನ್ನೂ ಗುಲಾಮರ ಮಾರಾಟವನ್ನೂ ನಿಲ್ಲಿಸಬೇಕೆಂಬುದು ಅವುಗಳ ಪ್ರಾರ್ಥನೆ. ಮಂಡಿಸಿದವನು ಜೊತೆಯಲ್ಲಿಯೇ, ಜಿಲ್ಲೆಯಲ್ಲಿ ಗುಲಾಮಗಿರಿಯ ರದ್ದತಿಗೆ ತನ್ನ ಬೆಂಬಲವಿಲ್ಲವೆಂದೂ ಹೇಳಿದನು. ಮುಂದಿನ ಹೋರಾಟದ ಸ್ವರೂಪವೆಲ್ಲ ಈ ಆರಂಭದಲ್ಲಿ ಬೀಜರೂಪದಲ್ಲಿದೆ. ಆತ ಎತ್ತಿಹಿಡಿದುದು ಬಿನ್ನಹದ ಹುರುಳನ್ನಲ್ಲ, ಬಿನ್ನವಿಸುವ ಹಕ್ಕನ್ನು. ಕನ್ನಡ ಶಾಸನಗಳಲ್ಲಿ ಬಿನ್ನಪವೆಂದರೆ ಕಿರಿಯನು ಅರಸನ ಮುಂದೆ ತಲೆಬಾಗಿ ಅರಿಕೆ ಮಾಡಿಕೊಳ್ಳುವುದು. ಒಪ್ಪುವುದೂ ಬಿಡುವುದೂ ಅರಸನ ಚಿತ್ತ. ಸಂವಿಧಾನದ ಮೊದಲನೆಯ ತಿದ್ದುಪಡಿಯಲ್ಲಿ ಇದೇ ಕ್ರಿಯೆ ಪ್ರಜೆಯ ಹಕ್ಕಾಗಿ ಮಾರ್ಪಟ್ಟಿತ್ತು. ತಲೆಬಾಗುವುದು ಹೋಗಿತ್ತು, ಆಲಿಸಬೇಕಾದ ಹೊಣೆ ಬಂದಿತ್ತು.

1830ರ ದಶಕದ ನಡುವಿನಲ್ಲಿ ನಿರ್ಮೂಲನವಾದಿ ಸಂಘಗಳು ಬೆಳೆದಂತೆಲ್ಲ ಬಿನ್ನಹಗಳು ಪ್ರವಾಹದಂತೆ ಬರತೊಡಗಿದುವು. ಸಹಿ ಹಾಕಿದವರಲ್ಲಿ ಹೆಂಗಸರ ಸಂಖ್ಯೆ ದೊಡ್ಡದಾಗಿತ್ತು. ಮತದಾನದ ಹಕ್ಕಿಲ್ಲದ ಅವರಿಗೆ ಸಾರ್ವಜನಿಕ ಜೀವನಕ್ಕೆ ಇದ್ದ ಬಾಗಿಲು ಇದೊಂದೇ. 1836ರ ಮೇ 26ರಂದು ದಕ್ಷಿಣ ಕೆರೊಲಿನದ ಹೆನ್ರಿ ಪಿಂಕ್ನಿಯ ನೇತೃತ್ವದ ಸಮಿತಿಯ ನಿರ್ಣಯವೊಂದು 117ಕ್ಕೆ 68 ಮತಗಳಿಂದ ಅಂಗೀಕೃತವಾಯಿತು. ಗುಲಾಮಗಿರಿಗೆ ಯಾವ ಬಗೆಯಲ್ಲಾದರೂ ಸಂಬಂಧಿಸಿದ ಬಿನ್ನಹಗಳನ್ನೆಲ್ಲ ಅಚ್ಚು ಮಾಡದೆ, ಸಮಿತಿಗೆ ಒಪ್ಪಿಸದೆ, ಚರ್ಚೆಯಿಲ್ಲದೆ ಬದಿಗಿರಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಜನ ಇದನ್ನು ಬಾಯಿಬೀಗದ ನಿಯಮವೆಂದೇ ಕರೆದರು. ಮತ ಕರೆಯುವಾಗ ಆಡಮ್ಸ್‌ನ ಹೆಸರು ಬಂತು. ಹೌದು ಅಲ್ಲ ಎನ್ನುವ ಬದಲು, ಈ ನಿರ್ಣಯ ಸಂವಿಧಾನಕ್ಕೂ ಸಭೆಯ ನಿಯಮಗಳಿಗೂ ತನ್ನನ್ನು ಆರಿಸಿದ ಪ್ರಜೆಗಳ ಹಕ್ಕಿಗೂ ನೇರವಾದ ಭಂಗವೆಂದು ಆತ ಎದ್ದು ನಿಂತು ಕೂಗಿದನು. ಸಭಾಧ್ಯಕ್ಷ ಜೇಮ್ಸ್ ಪೋಕ್ ತಡೆದನು, ಸುತ್ತ ಗದ್ದಲವೆದ್ದಿತು.

ಅಲ್ಲಿಂದ ಎಂಟು ವರ್ಷ ಕಾಲ ನಡೆದುದನ್ನು ಸಂಸದೀಯ ಕಾದಾಟದ ಅಪೂರ್ವ ಪ್ರಸಂಗವೆನ್ನಬಹುದು. ನಿಯಮವನ್ನು ಪ್ರತಿ ಅಧಿವೇಶನದಲ್ಲಿಯೂ ಹೊಸದಾಗಿ ಅಂಗೀಕರಿಸಬೇಕಾಗಿದ್ದುದರಿಂದ, ಅದಕ್ಕೆ ಮೊದಲು ದೊರೆಯುವ ಗಳಿಗೆಗಳಲ್ಲಿ ಆಡಮ್ಸ್ ಬಿನ್ನಹಗಳ ಕಟ್ಟನ್ನು ಬಿಚ್ಚುತ್ತಿದ್ದನು. ಅಂಗೀಕಾರವಾದ ಮೇಲೆ, ಇಂಥ ಬಿನ್ನಹ ನಿಯಮದ ವ್ಯಾಪ್ತಿಗೆ ಬರುವುದೋ ಇಲ್ಲವೋ ಎಂದು ಮುಗ್ಧನಂತೆ ಸಭಾಧ್ಯಕ್ಷನನ್ನು ಕೇಳುತ್ತಿದ್ದನು. ಕೇಳುವ ನೆಪದಲ್ಲಿ ಅದರ ಒಕ್ಕಣೆ ಸಭೆಯ ಕಿವಿಗೆ ಬಿದ್ದಿರುತ್ತಿತ್ತು. 1837ರ ಫೆಬ್ರುವರಿ 6ರಂದು, ತಾವು ಗುಲಾಮರೆಂದು ಹೇಳಿಕೊಂಡ 22 ಮಂದಿಯ ಬಿನ್ನಹವೊಂದು ತನ್ನ ಕೈಯಲ್ಲಿದೆಯೆಂದು ತಿಳಿಸಿ ಇದೇ ಪ್ರಶ್ನೆಯನ್ನು ಕೇಳಿದನು. ಸಭೆ ಹೊತ್ತಿ ಉರಿಯಿತು. ಖಂಡನಾ ನಿರ್ಣಯಗಳು ಒಂದರ ಮೇಲೊಂದು ಬಂದುವು. ಗ್ರ್ಯಾಂಡ್ ಜ್ಯೂರಿಯ ಮುಂದೆ ನಿಲ್ಲಿಸುವ ಬೆದರಿಕೆಯೂ ಬಂತು. ಕೂಗಾಟ ಸಾಕಷ್ಟು ನಡೆದ ಮೇಲೆ, ಆ ಬಿನ್ನಹ ಗುಲಾಮಗಿರಿಯ ರದ್ದತಿಯನ್ನು ಕೇಳುತ್ತಿಲ್ಲ, ಅದಕ್ಕೆ ವಿರುದ್ಧವಾಗಿಯೇ ಇದೆಯೆಂದು ಆಡಮ್ಸ್ ಬಯಲುಮಾಡಿದನು. ಪ್ರಾಯಶಃ ಆತನನ್ನು ಗೇಲಿ ಮಾಡಲೆಂದೇ ಯಾರೋ ಕಳಿಸಿದ್ದರು. ಖಂಡನೆ ಬಿದ್ದುಹೋಯಿತು. ಆದರೆ ಗುಲಾಮರಿಗೆ ಬಿನ್ನಹದ ಹಕ್ಕಿಲ್ಲವೆಂಬ ಘೋಷಣೆಗೆ 162 ಮಂದಿ ಕೈಯೆತ್ತಿದರು, ವಿರೋಧಿಸಿದವರು 18. ಹಕ್ಕಿನ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದನ್ನು, ಉತ್ತರದ ಪ್ರತಿನಿಧಿಗಳ ಮನಸ್ಸೂ ಎಲ್ಲಿಗೆ ನಿಲ್ಲುತ್ತದೆಂಬುದನ್ನು ಈ ಎರಡು ಅಂಕಿಗಳು ತೋರಿಸುತ್ತವೆ.

ಮರುವರ್ಷ ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ, ಬೆಳಗಿನ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಟೆಕ್ಸಸ್ಸಿನ ಸೇರ್ಪಡೆಯ ವಿರುದ್ಧ ಆತ ಮಾಡಿದ ದೀರ್ಘ ಭಾಷಣವೂ ಉಲ್ಲೇಖಾರ್ಹ. ಹೆಂಗಸರು ಮನೆವಾರ್ತೆ ಬಿಟ್ಟು ರಾಜಕಾರಣದ ಬಿನ್ನಹಗಳಿಗೆ ಸಹಿ ಹಾಕುವುದು ಲಜ್ಜಾಸ್ಪದವೆಂದು ಮೇರಿಲೆಂಡಿನ ಸದಸ್ಯನೊಬ್ಬನು ಆಡಿದ್ದ ಮಾತಿಗೆ ಆ ಭಾಷಣದಲ್ಲಿ ಉತ್ತರವಿತ್ತು. ಬೈಬಲ್ಲಿನ ಹಾಗೂ ಪ್ರಾಚೀನ ಗ್ರೀಸ್ ಮತ್ತು ರೋಮಿನ ಸ್ತ್ರೀಯರನ್ನು ಉದಾಹರಿಸಿ, ಹೆಂಗಸರಿಗೆ ಮತದ ಹಕ್ಕು ಇಲ್ಲವೆಂಬುದೇ ಸರಿಯೆ ಎಂಬಲ್ಲಿಯವರೆಗೆ ಆತ ಪ್ರಶ್ನೆಯನ್ನು ಒಯ್ದನು. ಇದೇ ಮನುಷ್ಯನು 1836ರಲ್ಲಿ ಷೇಕ್ಸ್‌ಪಿಯರನ 'ಒಥೆಲೊ' ನಾಟಕದ ಡೆಸ್ಡಿಮೋನಳ ಮೇಲೆ ಪ್ರಬಂಧ ಬರೆದು, ಕಪ್ಪುಬಣ್ಣದವನನ್ನು ವರಿಸಿದುದೇ ಆಕೆಯ ತಪ್ಪು, ಅದು ಪ್ರಕೃತಿಗೆ ವಿರುದ್ಧವೆಂದು ವಾದಿಸಿದ್ದನು. ಬಾಯಿಬೀಗದ ನಿಯಮ ಬಂದ ವರ್ಷವೇ ಈ ಪ್ರಬಂಧ ಅಚ್ಚಾಯಿತೆಂಬುದನ್ನು ಆತನ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆತ ನಿರ್ಮೂಲನವಾದಿಗಳ ಯಾವ ಸಂಘವನ್ನೂ ಸೇರಲಿಲ್ಲ. 1839ರ ಫೆಬ್ರುವರಿಯಲ್ಲಿ ಆತ ಮುಂದಿಟ್ಟ ಸಂವಿಧಾನ ತಿದ್ದುಪಡಿಯ ಪ್ರಕಾರ 1842ರ ಜುಲೈ 4ರ ನಂತರ ಹುಟ್ಟುವವರೆಲ್ಲ ಸ್ವತಂತ್ರರು. ಆ ವೇಳೆಗೆ ಹುಟ್ಟಿದ್ದವರು ಸಾಯುವವರೆಗೂ ಗುಲಾಮರೇ. ಸಭೆ ಅದನ್ನು ಚರ್ಚೆಗೂ ಎತ್ತಿಕೊಳ್ಳಲಿಲ್ಲ.

ನಿಯಮವನ್ನು ತಂದವರ ಲೆಕ್ಕಾಚಾರ ಮಾತ್ರ ತಲೆಕೆಳಗಾಯಿತು. ದೂರದ ದಕ್ಷಿಣದ ಕಪ್ಪುಜನರ ಸಂಕಟಕ್ಕೆ ಕಿವಿಗೊಡದಿದ್ದ ಉತ್ತರದ ಬಿಳಿಯ ರೈತನೂ ವ್ಯಾಪಾರಿಯೂ ತಮ್ಮ ಅರ್ಜಿಯೇ ಮೂಲೆಗೆ ಬಿದ್ದಾಗ ಎಚ್ಚೆತ್ತರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬಿಳಿಯರ ಸ್ವಾತಂತ್ರ್ಯವನ್ನೂ ಬಲಿಗೊಡಬೇಕಾಗುತ್ತದೆಂಬ ಸಂಗತಿ ಯಾವ ನಿರ್ಮೂಲನವಾದಿಯ ಕರಪತ್ರಕ್ಕಿಂತಲೂ ಈ ನಿಯಮದಿಂದ ಹೆಚ್ಚು ಸ್ಪಷ್ಟವಾಯಿತು. ಆಡಮ್ಸ್ ಇದನ್ನು ಬೇಗ ಗ್ರಹಿಸಿದನು. ತನಗೆ ಬಂದ ಕೊಲೆ ಬೆದರಿಕೆಯ ಪತ್ರಗಳನ್ನು ಲೆಕ್ಕಿಸದೆ ಎದುರಾಳಿಗಳನ್ನು ಕೆಣಕುತ್ತಲೇ ಹೋದನು. 1840ರ ಜನವರಿ 28ರಂದು ಬಿನ್ನಹಗಳನ್ನು ಸ್ವೀಕರಿಸಲೇಬಾರದೆಂಬ ಸ್ಥಾಯಿ ನಿಯಮ ಬಂದಾಗ ಅದಕ್ಕೆ ದೊರೆತ ಬಹುಮತ 114ಕ್ಕೆ 108ರಷ್ಟು ತೆಳುವಾಗಿತ್ತು.

ಈ ನಡುವೆ ಆತನನ್ನು ಹಳೆಯ ವಕೀಲಿ ವೃತ್ತಿ ಮತ್ತೆ ಕರೆಯಿತು. 1839ರಲ್ಲಿ ಕ್ಯೂಬದ ಕರಾವಳಿಯಲ್ಲಿ 'ಆಮಿಸ್ಟಾಡ್' ಎಂಬ ಹಡಗಿನಲ್ಲಿ ಬಂಧಿತರಾಗಿದ್ದ ಆಫ್ರಿಕನರು ಸಿಂಕೆ ಎಂಬುವನ ಮುಂದಾಳುತನದಲ್ಲಿ ದಂಗೆಯೆದ್ದು ಹಡಗನ್ನು ವಶಪಡಿಸಿಕೊಂಡರು. ಅಮೆರಿಕದ ನೌಕಾಪಡೆ ಅವರನ್ನು ಸೆರೆಹಿಡಿಯಿತು. ಅವರನ್ನು ಸ್ಪೇನಿಗೆ ಒಪ್ಪಿಸಬೇಕೆಂಬುದು ಅಧ್ಯಕ್ಷ ವ್ಯಾನ್ ಬ್ಯೂರೆನ್ನನ ಸರ್ಕಾರದ ನಿಲುವು. 1841ರ ಫೆಬ್ರುವರಿ 24 ಮತ್ತು ಮಾರ್ಚ್ 1ರಂದು 73 ವರ್ಷದ ಆಡಮ್ಸ್ ಸರ್ವೋಚ್ಚ ನ್ಯಾಯಾಲಯದಲ್ಲಿ ಗಂಟೆಗಟ್ಟಲೆ ವಾದಿಸಿದನು. ಕಂಬದ ಮೇಲೆ ತೂಗುಹಾಕಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿಯ ಕಡೆಗೆ ಕೈತೋರಿ, ಈ ಬಂದಿಗಳಿಗೆ ಅನ್ವಯಿಸುವ ಕಾನೂನು ಅದೊಂದೇ ಎಂದನು. ಮಾರ್ಚ್ 9ರಂದು ನ್ಯಾಯಮೂರ್ತಿ ಸ್ಟೋರಿ ನೀಡಿದ ತೀರ್ಪು ಅವರನ್ನು ಬಿಡುಗಡೆ ಮಾಡಿತು. ಆದರೆ ಅದರ ಆಧಾರ ಘೋಷಣೆಯಲ್ಲ. ಸ್ಪೇನಿನ ಕಾನೂನೇ ಆಫ್ರಿಕದಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿದ್ದುದರಿಂದ ಇವರು ಎಂದೂ ಕಾನೂನುಬದ್ಧ ಗುಲಾಮರಾಗಿರಲಿಲ್ಲವೆಂದು ನ್ಯಾಯಾಲಯ ಹೇಳಿತು. ಅದೇ ಹಡಗಿನಲ್ಲಿದ್ದ ಆಂಟೋನಿಯೊ ಎಂಬ ಹುಡುಗನು ಸತ್ತ ಕಪ್ತಾನನ ಗುಲಾಮನೆಂದು ಒಪ್ಪಿದ ಆ ನ್ಯಾಯ ಅವನನ್ನು ಬಿಡಿಸಲಿಲ್ಲ. ಅವನು ತಾನಾಗಿಯೇ ತಪ್ಪಿಸಿಕೊಂಡು ಹೋದನು.

ಅಂತಿಮ ಸಂಘರ್ಷ 1842ರ ಜನವರಿಯದು. ಮ್ಯಾಸಚೂಸೆಟ್ಸಿನ ಹೇವರಿಲ್ ಪಟ್ಟಣದ ನಲವತ್ತಕ್ಕೂ ಹೆಚ್ಚು ಪ್ರಜೆಗಳು ಒಕ್ಕೂಟವನ್ನು ಶಾಂತಿಯುತವಾಗಿ ವಿಸರ್ಜಿಸಬೇಕೆಂದು ಬರೆದ ಬಿನ್ನಹವನ್ನು, ಅದನ್ನೇಕೆ ಒಪ್ಪಲಾಗದೆಂದು ಉತ್ತರ ಕೊಡಬೇಕೆಂಬ ಸೂಚನೆಯೊಡನೆ, ಆಡಮ್ಸ್ ಮಂಡಿಸಿದನು. ಇಪ್ಪತ್ತೆರಡು ವರ್ಷ ಹಿಂದೆ ದಿನಚರಿಯಲ್ಲಿ ಆತನೇ ಮುಟ್ಟಿ ಬಿಟ್ಟಿದ್ದ ಯೋಚನೆ ಈಗ ಅನ್ಯರ ಸಹಿಯೊಡನೆ ಸಭೆಯ ಮೇಜಿಗೆ ಬಂದಿತ್ತು. ಕೆಂಟಕಿಯ ಥಾಮಸ್ ಮಾರ್ಷಲ್ ಖಂಡನಾ ನಿರ್ಣಯವನ್ನು ಮಂಡಿಸಿ, ಇದು ದೇಶದ್ರೋಹಕ್ಕೆ ಸಮಾನವೆಂದನು. ಆಡಮ್ಸ್ ಸ್ವಾತಂತ್ರ್ಯ ಘೋಷಣೆಯನ್ನು ಓದುವಂತೆ ಸಭೆಯ ಗುಮಾಸ್ತನಿಗೆ ಹೇಳಿದನು. ಸರ್ಕಾರವನ್ನು ಬದಲಿಸುವ ಜನರ ಹಕ್ಕನ್ನು ಸಾರುವ ಭಾಗ ಬರುವವರೆಗೂ ಓದಿಸಿದನು. ಒಕ್ಕೂಟದಿಂದ ಹೊರಹೋಗುವ ಮಾತನ್ನು ಪದೇ ಪದೇ ಆಡಿದ್ದವರು ದಕ್ಷಿಣದವರೇ ಎಂದು ತೋರಿಸುತ್ತ ಎರಡು ವಾರ ಆತ ನೆಲ ಬಿಟ್ಟುಕೊಡಲಿಲ್ಲ. ಫೆಬ್ರುವರಿ 7ರಂದು ಸಭೆ 106ಕ್ಕೆ 93 ಮತಗಳಿಂದ ಖಂಡನೆಯನ್ನು ಬದಿಗಿರಿಸಿತು. ಬಿನ್ನಹಗಳನ್ನು ಬದಿಗಿರಿಸುತ್ತಿದ್ದ ಕ್ರಮವೇ ಕೊನೆಗೆ ಆತನನ್ನು ಉಳಿಸಿತೆಂಬುದು ಸ್ವಾರಸ್ಯಕರ. 1844ರ ಡಿಸೆಂಬರ್ 3ರಂದು ಆತನ ಸೂಚನೆಯ ಮೇರೆಗೆ 108ಕ್ಕೆ 80 ಮತಗಳಿಂದ ಬಾಯಿಬೀಗದ ನಿಯಮ ರದ್ದಾಯಿತು. ಕೊಲಂಬಿಯ ಜಿಲ್ಲೆಯಲ್ಲಿ ಗುಲಾಮಗಿರಿ ಮುಂದೆ 1862ರ ವರೆಗೂ ಉಳಿಯಿತು.

ಇಷ್ಟರಿಂದ ಆಡಮ್ಸ್‌ನನ್ನು ಕಪಟಿಯೆಂದು ತಳ್ಳಿಹಾಕುವುದಾಗಲಿ ಮುದುಕನಾದ ಮೇಲೆ ಜ್ಞಾನೋದಯವಾಯಿತೆಂದು ಹೇಳುವುದಾಗಲಿ ಸರಿಯಾಗದು. 1820ರ ದಿನಚರಿಯಲ್ಲಿಯೂ 1842ರ ಭಾಷಣದಲ್ಲಿಯೂ ಇರುವ ವಿಚಾರ ಒಂದೇ. ಬದಲಾದುದು ಅದನ್ನು ಆಡಲು ತೆರಬೇಕಾದ ಬೆಲೆ. ಅಧ್ಯಕ್ಷ ಪದವಿಯ ಆಸೆಯಿದ್ದಷ್ಟು ಕಾಲ ದಕ್ಷಿಣದ ಮತ ಆತನ ನಾಲಗೆಯ ಮೇಲೆ ಕುಳಿತಿತ್ತು. ಪದವಿ ಬಂದು ಹೋದ ಮೇಲೆ ಮ್ಯಾಸಚೂಸೆಟ್ಸಿನ ಒಂದು ಕ್ಷೇತ್ರದ ಮತದಾರರ ಹೊರತು ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ. ಅಮೆರಿಕದ ಗಣರಾಜ್ಯ ತನ್ನ ಅತ್ಯುನ್ನತ ಪದವಿಯನ್ನು ಮೌನದ ಷರತ್ತಿನ ಮೇಲೆ ಕೊಡುತ್ತಿತ್ತು. ಆ ಷರತ್ತನ್ನು ಒಪ್ಪಿದವರಲ್ಲಿ ಬಹುಪಾಲು ಮಂದಿಗೆ ಅದನ್ನು ಮುರಿಯುವ ಎರಡನೆಯ ಅವಕಾಶ ದೊರೆಯಲಿಲ್ಲ. ದೊರೆತವರೂ ಬಳಸಿಕೊಳ್ಳಲಿಲ್ಲ. ಆಡಮ್ಸ್‌ನ ಹಿರಿಮೆಯನ್ನು ಅಳೆಯಬೇಕಾದುದು ಇಲ್ಲಿ. ಯುದ್ಧದ ಕಾಲದಲ್ಲಿ ಸರ್ಕಾರ ಯುದ್ಧಾಧಿಕಾರದ ಬಲದಿಂದಲೇ ಗುಲಾಮರನ್ನು ಬಿಡುಗಡೆ ಮಾಡಬಹುದೆಂದು 1836ರ ಮೇ 25ರಂದು, ಪಿಂಕ್ನಿಯ ನಿರ್ಣಯದ ಹಿಂದಿನ ದಿನ, ಆತ ಸಭೆಯಲ್ಲಿ ಸೂಚಿಸಿದ್ದ ವಾದವನ್ನು ಅಂತರ್ಯುದ್ಧದ ಕಾಲದಲ್ಲಿ ಚಾರ್ಲ್ಸ್ ಸಮ್ನರ್ ಮೊದಲಾದವರು ಮತ್ತೆ ಕೈಗೆತ್ತಿಕೊಂಡರು. 1863ರ ಜನವರಿ 1ರ ವಿಮೋಚನಾ ಘೋಷಣೆ ನಿಂತುದು ಅದೇ ಯುದ್ಧಾಧಿಕಾರದ ತಳಹದಿಯ ಮೇಲೆ.

1848ರ ಫೆಬ್ರುವರಿ 21ರಂದು ಮೆಕ್ಸಿಕೊ ಯುದ್ಧದ ಸೇನಾನಿಗಳನ್ನು ಅಭಿನಂದಿಸುವ ನಿರ್ಣಯ ಸಭೆಯ ಮುಂದಿತ್ತು. ಗುಲಾಮಗಿರಿಯ ವಿಸ್ತರಣೆಗಾಗಿ ನಡೆದ ಯುದ್ಧವೆಂದು ಅದನ್ನು ಮೊದಲಿನಿಂದಲೂ ವಿರೋಧಿಸಿದ್ದ ಆಡಮ್ಸ್ ಇಲ್ಲವೆಂದು ಮತ ಹಾಕಿ, ಸ್ವಲ್ಪ ಹೊತ್ತಿನಲ್ಲಿಯೇ ತನ್ನ ಆಸನದಲ್ಲಿ ಕುಸಿದನು. ಸಭಾಧ್ಯಕ್ಷನ ಕೊಠಡಿಗೆ ಹೊತ್ತೊಯ್ದರು. ಎರಡು ದಿನಗಳ ನಂತರ, 23ರಂದು, ಅಲ್ಲಿಯೇ ಆತನ ಪ್ರಾಣ ಹೋಯಿತು. ಅಂತ್ಯಕ್ರಿಯೆಯ ಏರ್ಪಾಟಿಗೆ ನೇಮಕವಾದ ಸಮಿತಿಯಲ್ಲಿ ಇಲಿನಾಯ್ ರಾಜ್ಯದಿಂದ ಮೊದಲ ಸಲ ಆರಿಸಿಬಂದಿದ್ದ ಅಬ್ರಹಾಂ ಲಿಂಕನ್ ಇದ್ದನು. ಶವಪೆಟ್ಟಿಗೆಯ ಜೊತೆಯಲ್ಲಿ ನಡೆದ ಗೌರವಧಾರಿಗಳಲ್ಲಿ, 1820ರ ಮಾರ್ಚ್ ತಿಂಗಳ ಆ ದಿನ ಆಡಮ್ಸ್‌ನೊಡನೆ ಮಾತನಾಡುತ್ತ ನಡೆದಿದ್ದ ಕ್ಯಾಲ್‌ಹೂನ್ ಒಬ್ಬನು.